ಮಂಚದ ಮೇಲಿನ ಪ್ರಧಾನಿ, ಮುಚ್ಚಿಟ್ಟ ಲೆಕ್ಕದ ಪುಸ್ತಕ

ಈ ಸಲ ಪತ್ರಗಳ ಕಟ್ಟು ಬಿಚ್ಚಿದರೆ ಮುಕ್ಕಾಲು ಪಾಲು ಇರಾನ್! ಹೋದ ಸಂಚಿಕೆಯಲ್ಲಿ ಯಾವುದೋ ಪ್ರಶ್ನೆಗೆ ಉತ್ತರ ಬರೆಯುತ್ತಾ, ಇರಾನ್-ಅಮೆರಿಕ ಜಗಳ ಶುರುವಾದದ್ದು 1979ರಲ್ಲಲ್ಲ, 1953ರಲ್ಲಿ ಅಂತ ಒಂದು ಸಾಲು ಸೇರಿಸಿಬಿಟ್ಟಿದ್ದೆ. ಅದಕ್ಕೆ ಇಷ್ಟು ಜನ ಕೈ ಹಾಕುತ್ತೀರಿ ಅಂತ ಗೊತ್ತಿರಲಿಲ್ಲ. ಇರಲಿ, ಈ ಬಾರಿ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟಿದ್ದೇನೆ. ಹಂಪಿಯ ನೀರಿನ ಕಾಲುವೆ ಬಗ್ಗೆ ಕೇಳಿದವರು ಮುಂದಿನ ತಿಂಗಳವರೆಗೆ ತಾಳಿಕೊಳ್ಳಬೇಕು.

ಮೇಡಂ, ನಮ್ಮ ಪುಸ್ತಕದಲ್ಲಿ ಇರಾನ್ ಅಂದರೆ 1979ರ ಕ್ರಾಂತಿಯ ನಾಯಕ ಖೊಮೇನಿ, ಒತ್ತೆಯಾಳುಗಳು ಅಂತ ಎರಡು ಪ್ಯಾರಾ ಇದೆ. 1953ರ ಬಗ್ಗೆ ಒಂದು ಸಾಲೂ ಇಲ್ಲ. ಅಂಥದ್ದೇನು ನಡೆಯಿತು?
— ಬಿ.ಎ. ವಿದ್ಯಾರ್ಥಿನಿ, ಹಾವೇರಿ

ತಂಗಿ, ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಕತೆ ಶುರುವಾಗುವುದು ಎಣ್ಣೆಯಿಂದ.

1901ರಲ್ಲಿ ವಿಲಿಯಂ ನಾಕ್ಸ್ ಡಾರ್ಸಿ ಅನ್ನುವವನು ಇರಾನಿನ ದೊರೆಯಿಂದ 60 ವರ್ಷಕ್ಕೆ ಎಣ್ಣೆ ತೆಗೆಯುವ ಹಕ್ಕು ಬರೆಸಿಕೊಂಡ. ಆಸ್ಟ್ರೇಲಿಯಾದ ಚಿನ್ನದ ಗಣಿಯಲ್ಲಿ ದುಡ್ಡು ಮಾಡಿದ್ದ ಮನುಷ್ಯ. ಇರಾನಿಗೆ ಒಂದು ದಿನವೂ ಕಾಲಿಟ್ಟವನಲ್ಲ. ಇರಾನಿಗೆ ಸಿಗಬೇಕಾದ ಪಾಲು ಲಾಭದಲ್ಲಿ ನೂರಕ್ಕೆ 16. ಬಿಸಿಲಲ್ಲಿ ನಿಂತು ಬಾವಿ ಕೊರೆಸಿದವನು ಜಾರ್ಜ್ ರೇನಾಲ್ಡ್ಸ್. ಅವನು ಮೊದಲು ಇದ್ದದ್ದು ನಮ್ಮ ದೇಶದ ಲೋಕೋಪಯೋಗಿ ಇಲಾಖೆಯಲ್ಲಿ! ಕೊರೆಯುವ ಜಾಗಕ್ಕೆ ಕಾವಲು ನಿಂತವರೂ ಇಲ್ಲಿಂದ ಹೋದ ಕುದುರೆ ಸಿಪಾಯಿಗಳೇ. 1908ರ ಮೇ 26ರ ಬೆಳಗಿನ ಜಾವ ಮಸ್ಜಿದ್ ಸುಲೇಮಾನ್ ಅನ್ನುವಲ್ಲಿ ಎಣ್ಣೆ ಚಿಮ್ಮಿತು. ದುಡ್ಡು ಖಾಲಿ, ಕೆಲಸ ನಿಲ್ಲಿಸಿ ಅಂತ ಲಂಡನ್‌ನಿಂದ ಅಷ್ಟು ಹೊತ್ತಿಗಾಗಲೇ ಹೇಳಿಕಳಿಸಿದ್ದರು. ರೇನಾಲ್ಡ್ಸ್ ಸುಮ್ನೆ ಕೇಳಿಸದವನ ಹಾಗೆ ಕೊರೆಸುತ್ತಲೇ ಇದ್ದ.

1914ರಲ್ಲಿ ಬ್ರಿಟಿಷ್ ಸರ್ಕಾರವೇ ಆ ಕಂಪನಿಯ ಅರ್ಧಕ್ಕಿಂತ ಜಾಸ್ತಿ ಷೇರು ಕೊಂಡಿತು. ನೌಕಾಪಡೆಯ ಹಡಗುಗಳು ಕಲ್ಲಿದ್ದಲು ಬಿಟ್ಟು ಎಣ್ಣೆಗೆ ತಿರುಗುತ್ತಿದ್ದ ಕಾಲ ಅದು. ನೌಕಾಪಡೆಯ ಮಂತ್ರಿ ಯಾರು ಅಂದುಕೊಂಡಿರಿ? ವಿನ್‌ಸ್ಟನ್ ಚರ್ಚಿಲ್. ಈ ಹೆಸರು ನೆನಪಿಟ್ಟುಕೋ, ಮತ್ತೆ ಬರುತ್ತದೆ.

ನಮ್ಮ ಕರಾವಳಿಯಲ್ಲಿ ಗೇಣಿ ಪದ್ಧತಿ ಇದ್ದಾಗ ಒಕ್ಕಲು ಬೆಳೆ ತೆಗೆಯುತ್ತಿದ್ದ, ಧಣಿ ಅಂಗಳದಲ್ಲಿ ಕೂತು ಮುಡಿ ಎಣಿಸುತ್ತಿದ್ದ. ಇರಾನಿನಲ್ಲಿ ಇದು ತಿರುಗುಮುರುಗು. ಭೂಮಿ ಇರಾನಿನದು, ಒಕ್ಕಲು ಬ್ರಿಟಿಷ್ ಕಂಪನಿ. ಆದರೆ ಧಣಿಯನ್ನು ಅಂಗಳಕ್ಕೇ ಬಿಡುತ್ತಿರಲಿಲ್ಲ. ಲಾಭದಲ್ಲಿ ಪಾಲು ಅಂತ ಬರೆದುಕೊಟ್ಟಿದ್ದೀರಲ್ಲ, ಲಾಭ ಎಷ್ಟು, ಪುಸ್ತಕ ತೋರಿಸಿ ಅಂದರೆ ತೋರಿಸುವುದಿಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲಂತೂ ಕಂಪನಿ ಬ್ರಿಟಿಷ್ ಸರ್ಕಾರಕ್ಕೆ ಕಟ್ಟುತ್ತಿದ್ದ ತೆರಿಗೆಯೇ ಇರಾನಿಗೆ ಕೊಡುತ್ತಿದ್ದ ರಾಯಧನಕ್ಕಿಂತ ಜಾಸ್ತಿ ಇತ್ತು. ಅಬಾದಾನಿನಲ್ಲಿ ಆಗ ಪ್ರಪಂಚದಲ್ಲೇ ದೊಡ್ಡ ಎಣ್ಣೆ ಶುದ್ಧೀಕರಣ ಕಾರ್ಖಾನೆ. ಸಾಹೇಬರ ಬಂಗಲೆಗಳ ಮುಂದೆ ಹುಲ್ಲುಹಾಸು. ಕೂಲಿಗಳಿದ್ದ ಕೇರಿಗೆ ಕಾಗಜಾಬಾದ್ ಅಂತ ಹೆಸರು. ಕಾಗಜ್ ಅಂದರೆ ನಮ್ಮ ಕಾಗದವೇ. ಹೆಸರೇ ಹೇಳುತ್ತದಲ್ಲ, ಗುಡಿಸಲು ಎಷ್ಟು ಗಟ್ಟಿ ಇದ್ದವು ಅಂತ. ಅಲ್ಲಿ ದುಡಿಯಲು ಹೋಗಿದ್ದ ಭಾರತೀಯರೂ ಸಾವಿರಾರು. 1922ರಲ್ಲಿ ಕೂಲಿ ಜಾಸ್ತಿ ಮಾಡಿ ಅಂತ ಮುಷ್ಕರ ಹೂಡಿದ ಭಾರತೀಯರನ್ನು ಹಡಗು ಹತ್ತಿಸಿ ವಾಪಸ್ ಕಳಿಸಿದರು.

1950ರ ಕೊನೆಗೆ ಪಕ್ಕದ ಸೌದಿ ಅರೇಬಿಯಾಕ್ಕೆ ಅಮೆರಿಕದ ಕಂಪನಿ ಅರ್ಧಕ್ಕರ್ಧ ಲಾಭ ಒಪ್ಪಿಕೊಂಡಿತು. ಇರಾನಿನವರಿಗೆ ಹೊಟ್ಟೆ ಉರಿಯದೆ ಇರುತ್ತದಾ? 1951ರ ಮಾರ್ಚ್‌ನಲ್ಲಿ ಅವರ ಸಂಸತ್ತು ಎಣ್ಣೆಯನ್ನು ರಾಷ್ಟ್ರೀಕರಣ ಮಾಡಿತು. ಆ ಚಳವಳಿಯ ಮುಂದಾಳು ಮೊಹಮ್ಮದ್ ಮೊಸದ್ದೆಗ್ ಏಪ್ರಿಲ್ ಕೊನೆಗೆ ಪ್ರಧಾನಿಯಾದ. ಪರಿಹಾರ ಕೊಡುತ್ತೇವೆ, ಆದರೆ ಎಣ್ಣೆ ನಮ್ಮದು ಅಂದ. ಬ್ರಿಟನ್ ಯುದ್ಧದ ಹಡಗು ಕಳಿಸಿತು, ಇರಾನಿನ ಎಣ್ಣೆಯನ್ನು ಯಾರೂ ಕೊಳ್ಳದ ಹಾಗೆ ಮಾಡಿತು. 1952ರ ಜೂನ್‌ನಲ್ಲಿ ರೋಸ್ ಮೇರಿ ಅನ್ನುವ ಹಡಗು ಇರಾನಿನ ಎಣ್ಣೆ ತುಂಬಿಕೊಂಡು ಹೊರಟರೆ ಅದನ್ನು ಏಡನ್ ಬಂದರಿನಲ್ಲಿ ಹಿಡಿದು ನಿಲ್ಲಿಸಿದರು. ಅಬಾದಾನ್ ತಣ್ಣಗಾಯಿತು. ನಮ್ಮ ದೇಶಕ್ಕೂ ಅಲ್ಲಿಂದ ಪೆಟ್ರೋಲು, ಸೀಮೆಎಣ್ಣೆ ಬರುತ್ತಿತ್ತು.

ಕೊನೆಗೆ 1953ರ ಆಗಸ್ಟ್‌ನಲ್ಲಿ ಅಮೆರಿಕದ ಸಿಐಎ, ಬ್ರಿಟನ್ನಿನ ಗುಪ್ತಚರರು ಸೇರಿ ಮೊಸದ್ದೆಗ್‌ನನ್ನು ಕುರ್ಚಿಯಿಂದ ಇಳಿಸಿದರು. ಹೇಗೆ ಅನ್ನುವುದನ್ನು ವಿಜಯಪುರದ ವಕೀಲರೊಬ್ಬರು ಕೇಳಿದ್ದಾರೆ, ಕೆಳಗೆ ಓದಿಕೋ.

ಮೊಸದ್ದೆಗ್ ಪೈಜಾಮಾದಲ್ಲೇ, ಮಂಚದ ಮೇಲೆ ಮಲಗಿಯೇ ರಾಜ್ಯಭಾರ ಮಾಡುತ್ತಿದ್ದನಂತೆ. ಮಾತು ಮಾತಿಗೂ ಅಳುತ್ತಿದ್ದನಂತೆ. ನಿಜವೋ, ಪಾಶ್ಚಾತ್ಯ ಪತ್ರಿಕೆಗಳ ಕುಚೋದ್ಯವೋ?
— ನಿವೃತ್ತ ಪೋಸ್ಟ್ ಮಾಸ್ಟರ್, ಶಿರಸಿ

ಎರಡೂ ನಿಜ ಸಾರ್. ಕುಚೋದ್ಯವೂ ನಿಜ, ಮಂಚವೂ ನಿಜ.

1951ರ ಜುಲೈನಲ್ಲಿ ಸಂಧಾನಕ್ಕೆ ಅಂತ ಅಮೆರಿಕದಿಂದ ಆವೆರೆಲ್ ಹ್ಯಾರಿಮನ್ ಬಂದಾಗ ಈತ ಮಲಗಿದ ಕಡೆಯಿಂದಲೇ ಮಾತಾಡಿದ. ದುಭಾಷಿ ಮಂಚದ ಕಾಲಿನ ಹತ್ತಿರ ಕೂತಿದ್ದ. ತಲೆಸುತ್ತು ಬಂದು ಬೀಳುವುದು ಅವನಿಗೆ ಹೊಸದಲ್ಲ. ಕಾಯಿಲೆ ಇದ್ದದ್ದು ನಿಜ. ಸ್ವಲ್ಪ ನಾಟಕವೂ ಸೇರಿತ್ತು ಅಂತ ನನ್ನ ಗುಮಾನಿ. ಅದೇ ವರ್ಷ ವಾಷಿಂಗ್ಟನ್ ರೈಲ್ವೆ ನಿಲ್ದಾಣದಲ್ಲಿ ಇಳಿದಾಗ ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಮಗನ ತೋಳಿನಲ್ಲಿ, ಬಾಗಿಕೊಂಡು ಕುಂಟುತ್ತಾ ಬರುತ್ತಿದ್ದ. ಗೇಟಿನ ಹತ್ತಿರ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡೀನ್ ಅಚೆಸನ್ ಕಂಡ. ಅಷ್ಟೇ, ಕೋಲು ಅಲ್ಲೇ ಬಿತ್ತು, ಮುದುಕ ಕುಣಿಯುತ್ತಾ ಬಂದು ಕೈ ಕುಲುಕಿದ! ಇದನ್ನು ಹೇಳಿರುವವನು ಸ್ವತಃ ಅಚೆಸನ್.

ಆದರೆ ಆ ಮಂಚ ನೋಡಿ ಮನುಷ್ಯ ಪೆದ್ದ ಅಂದುಕೊಂಡವರು ಕೆಟ್ಟರು. ಸ್ವಿಟ್ಜರ್ಲೆಂಡಿನಲ್ಲಿ ಕಾನೂನು ಓದಿ ಡಾಕ್ಟರೇಟ್ ಪಡೆದವನು. ಅರಮನೆಗೆ ಸಂಬಂಧವಿದ್ದ ಮನೆತನ, ಕೈ ಮಾತ್ರ ಶುದ್ಧ. ಅಮೆರಿಕದ ಟೈಮ್ ಪತ್ರಿಕೆ 1951ರ ವರ್ಷದ ವ್ಯಕ್ತಿ ಅಂತ ಮುಖಪುಟಕ್ಕೆ ಹಾಕಿತು. ಹೊಗಳಿಕೆಗೇನಲ್ಲ, ಒಳಗೆ ತಮಾಷೆಯೇ ಜಾಸ್ತಿ.

ಒಂದು ಸ್ವಂತ ಮಾತು ಹೇಳಿಬಿಡುತ್ತೇನೆ. 1978ರಲ್ಲಿ ನಾನು ಮೈಸೂರಿನಲ್ಲಿ ಎಂ.ಎ. ಓದುತ್ತಿದ್ದೆ. ಆ ಕಾಲಕ್ಕೆ ಮೈಸೂರು, ಬೆಂಗಳೂರಿನಲ್ಲಿ ಇರಾನಿ ವಿದ್ಯಾರ್ಥಿಗಳು ಬೇಕಾದಷ್ಟು ಇದ್ದರು. ನನ್ನ ಪಕ್ಕದ ಕೋಣೆಯಲ್ಲೂ ಒಬ್ಬಳಿದ್ದಳು. ಚಹಾ ಕುಡಿಯುವಾಗ ಸಕ್ಕರೆಯನ್ನು ಲೋಟಕ್ಕೆ ಹಾಕುತ್ತಿರಲಿಲ್ಲ. ದೇವರಾಜ ಮಾರ್ಕೆಟ್ಟಿನಿಂದ ಕಲ್ಲುಸಕ್ಕರೆ ತಂದು, ಒಂದು ಹರಳು ಹಲ್ಲಿನ ನಡುವೆ ಹಿಡಿದು, ಅದರ ಮೇಲೆ ಚಹಾ ಹಾಯಿಸುತ್ತಿದ್ದಳು. ಅವಳ ಟ್ರಂಕಿನ ಮುಚ್ಚಳದ ಒಳಗಡೆ, ನಮ್ಮಲ್ಲಿ ಹುಡುಗಿಯರು ಸಿನಿಮಾ ನಟರ ಚಿತ್ರ ಅಂಟಿಸುವ ಜಾಗದಲ್ಲಿ, ಪತ್ರಿಕೆಯಿಂದ ಕತ್ತರಿಸಿದ ಒಬ್ಬ ಮುದುಕನ ಫೋಟೋ ಇತ್ತು. ಉದ್ದ ಮೂಗು, ಬೋಳು ತಲೆ. ನಿನ್ನ ಅಜ್ಜನಾ ಅಂತ ಕೇಳಿದೆ. ಅವಳು ಟ್ರಂಕು ಮುಚ್ಚಿ, ಬಾಗಿಲು ಹಾಕಿ ಬಂದು, ಆಮೇಲೆ ಹೆಸರು ಹೇಳಿದಳು. ಮೈಸೂರಿನ ಹಾಸ್ಟೆಲ್ಲಿನಲ್ಲೂ ಆ ಹೆಸರನ್ನು ಪಿಸುಮಾತಿನಲ್ಲಿ ಹೇಳಬೇಕಾಗಿತ್ತು. ಶಾ ದೊರೆಯ ಗುಪ್ತ ಪೊಲೀಸು, ಸಾವಾಕ್ ಅನ್ನುತ್ತಾರೆ, ಅದರ ಭಯ. ನನ್ನ ಎಂ.ಎ. ಸಿಲಬಸ್ಸಿನಲ್ಲಿ ಮೊಸದ್ದೆಗ್ ಇರಲಿಲ್ಲ. ನಾನು ಕಲಿತದ್ದು ಆ ಟ್ರಂಕಿನಿಂದ.

ಈ ಪ್ರಕರಣದಲ್ಲಿ ನಮ್ಮ ಬೆನೆಗಲ್ ನರಸಿಂಹ ರಾಯರ ಹೆಸರು ಬರುತ್ತದೆ ಅಂತ ಯಾರೋ ಹೇಳಿದರು. ಸಂವಿಧಾನದ ಕರಡಿಗೆ ಸಲಹೆ ಕೊಟ್ಟ ಬಿ.ಎನ್. ರಾವ್ ಅವರೇನಾ?
— ಬ್ಯಾಂಕ್ ಉದ್ಯೋಗಿ, ಉಡುಪಿ

ಅವರೇ! ಈ ಪ್ರಶ್ನೆ ಓದಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ಎರಡು ಸಲ ಕಾಫಿ ಮಾಡಿಕೊಂಡೆ.

ಬಿ.ಎನ್. ರಾವ್ ಹುಟ್ಟಿದ್ದು 1887ರಲ್ಲಿ, ಮಂಗಳೂರಿನಲ್ಲಿ. ಸಂವಿಧಾನ ಸಭೆಯ ಸಲಹೆಗಾರರ ಕೆಲಸ ಮುಗಿಸಿ ವಿಶ್ವಸಂಸ್ಥೆಗೆ ಭಾರತದ ಪ್ರತಿನಿಧಿಯಾಗಿ ಹೋದರು. 1950 ಮತ್ತು 51ರಲ್ಲಿ ಭಾರತಕ್ಕೆ ಭದ್ರತಾ ಮಂಡಳಿಯಲ್ಲಿ ಜಾಗ ಇತ್ತು. 1951ರ ಅಕ್ಟೋಬರ್‌ನಲ್ಲಿ ಬ್ರಿಟನ್ ಇರಾನಿನ ಮೇಲೆ ದೂರು ತಂದದ್ದು ಅಲ್ಲಿಗೇ. ಮೊಸದ್ದೆಗ್ ತಾನೇ ನ್ಯೂಯಾರ್ಕಿಗೆ ಹೋಗಿ ಉತ್ತರ ಕೊಟ್ಟ. ಬ್ರಿಟನ್ನಿನ ನಿರ್ಣಯ ಬಿಗಿಯಾಗಿತ್ತು. ಭಾರತ, ಯುಗೊಸ್ಲಾವಿಯಾ ಸೇರಿ ತಿದ್ದುಪಡಿ ಕೊಟ್ಟು ಅದನ್ನು ಸಡಿಲ ಮಾಡಿದವು. ಕೂತು ಮಾತಾಡಿಕೊಳ್ಳಿ ಅನ್ನುವ ಧಾಟಿಗೆ ತಂದವು. ಕೊನೆಗೆ ಮಂಡಳಿ ಚರ್ಚೆಯನ್ನೇ ಮುಂದಕ್ಕೆ ಹಾಕಿತು. ಅಂತರರಾಷ್ಟ್ರೀಯ ನ್ಯಾಯಾಲಯ ತನಗೆ ಈ ಕೇಸು ಕೇಳುವ ಅಧಿಕಾರ ಇದೆಯೋ ಇಲ್ಲವೋ ಮೊದಲು ಹೇಳಲಿ ಅಂತ.

ಈಗ ಸ್ವಾರಸ್ಯ ನೋಡಿ. ಮುಂದಿನ ವರ್ಷವೇ ರಾಯರು ಅದೇ ನ್ಯಾಯಾಲಯದ ನ್ಯಾಯಾಧೀಶರಾಗಿ ಹೇಗ್ ನಗರಕ್ಕೆ ಹೋದರು. ಅಲ್ಲಿ ಎದುರಿಗೆ ಬಂದದ್ದು ಇದೇ ಎಣ್ಣೆ ಕೇಸು! ರಾಯರು ಏನು ಮಾಡಿದರು ಅಂತೀರಿ? ಭದ್ರತಾ ಮಂಡಳಿಯಲ್ಲಿ ಇದೇ ವಿಷಯಕ್ಕೆ ಭಾರತದ ಪರವಾಗಿ ನಾನು ಕೂತಿದ್ದೆ, ಹಾಗಾಗಿ ತೀರ್ಪಿನಲ್ಲಿ ಭಾಗವಹಿಸುವುದು ಸರಿಯಲ್ಲ ಅಂತ ಪಕ್ಕಕ್ಕೆ ಸರಿದರು. ಯಾರಾದರೂ ಒತ್ತಾಯ ಮಾಡಿದ್ದರಿಂದ ಅಲ್ಲ, ತಾವೇ. ನ್ಯಾಯಾಧೀಶರು ಯಾವಾಗ ಹಿಂದೆ ಸರಿಯಬೇಕು ಅನ್ನುವುದಕ್ಕೆ ಆ ನ್ಯಾಯಾಲಯದ ವಿಷಯ ಬರೆಯುವವರು ಈಗಲೂ ಕೊಡುವ ಉದಾಹರಣೆಗಳಲ್ಲಿ ಇದೂ ಒಂದು.

1952ರ ಜುಲೈ 22ರಂದು ತೀರ್ಪು ಬಂತು. 9 ಜನ ಒಂದು ಕಡೆ, 5 ಜನ ಇನ್ನೊಂದು ಕಡೆ. ಡಾರ್ಸಿಯ ಹಳೆಯ ಹಕ್ಕಿನ ಬದಲು 1933ರಲ್ಲಿ ಹೊಸದಾಗಿ ಆದದ್ದು ಒಂದು ದೇಶಕ್ಕೂ ಒಂದು ಕಂಪನಿಗೂ ನಡುವಿನ ಕರಾರು, ಎರಡು ದೇಶಗಳ ಒಪ್ಪಂದವಲ್ಲ, ಆದ್ದರಿಂದ ಈ ಕೇಸು ನಮ್ಮ ಅಧಿಕಾರಕ್ಕೆ ಬರುವುದಿಲ್ಲ ಅಂದಿತು ಬಹುಮತ. ಇರಾನಿಗೆ ಬೇಕಾಗಿದ್ದುದೂ ಅದೇ. ಬಹುಮತದ ಆ 9 ಜನರಲ್ಲಿ ಒಬ್ಬರು ಬ್ರಿಟಿಷ್ ನ್ಯಾಯಾಧೀಶರು, ಆರ್ನಾಲ್ಡ್ ಮೆಕ್‌ನೇರ್. ತಮ್ಮ ದೇಶದ ವಿರುದ್ಧವೇ ಮತ ಹಾಕಿದರು. ಅಮೆರಿಕದ ನ್ಯಾಯಾಧೀಶ ಮಾತ್ರ ಬ್ರಿಟನ್ ಕಡೆ! ಒಂದು ದೇಶ ಅಂದರೆ ಎಲ್ಲರೂ ಒಂದೇ ಅಂತ ಬರೆಯುವವರಿಗೆ ನಾನು ಯಾವಾಗಲೂ ಈ ಮೆಕ್‌ನೇರ್ ಹೆಸರು ಹೇಳುತ್ತೇನೆ.

ಉಡುಪಿಯವರು, ಮಂಗಳೂರಿನವರು ಬೆನೆಗಲ್ ಮನೆತನ ಅಂದರೆ ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ತಮ್ಮ ರಾಮ ರಾಯರನ್ನು ನೆನೆಸಿಕೊಳ್ಳುತ್ತಾರೆ. ಅಣ್ಣನ ಈ ಹೇಗ್ ಕತೆಯನ್ನೂ ಸ್ವಲ್ಪ ಹೇಳಿ.

ಪರಿಣತರು ಹೇಳುವ ಪ್ರಕಾರ ಮೊಸದ್ದೆಗ್‌ನನ್ನು ಇಳಿಸಲು ಖರ್ಚಾದದ್ದು ಹತ್ತು ಲಕ್ಷ ಡಾಲರ್ ಒಳಗೆ. ಅಷ್ಟು ದುಡ್ಡಿಗೆ ಒಂದು ಸರ್ಕಾರ ಬೀಳುತ್ತದೆಯೇ? ಸಿಐಎ ಅಷ್ಟು ಬುದ್ಧಿವಂತಿಕೆಯದ್ದೇ?
— ವಕೀಲರು, ವಿಜಯಪುರ

ವಕೀಲರೇ, ನಿಮ್ಮ ಅನುಮಾನ ಸರಿ. ಬುದ್ಧಿವಂತಿಕೆಗಿಂತ ಅದೃಷ್ಟ, ಅದೃಷ್ಟಕ್ಕಿಂತ ಊರಿನೊಳಗಿನ ಕೈಗಳು.

1952ರ ಅಕ್ಟೋಬರ್‌ನಲ್ಲಿ ಮೊಸದ್ದೆಗ್ ಬ್ರಿಟಿಷ್ ರಾಯಭಾರ ಕಚೇರಿಗೇ ಬೀಗ ಹಾಕಿಸಿದ. ಅಲ್ಲಿದ್ದ ಗೂಢಚಾರರೂ ಗಂಟುಮೂಟೆ ಕಟ್ಟಿದರು. ಅವರಲ್ಲೊಬ್ಬ, ಮಾಂಟಿ ವುಡ್‌ಹೌಸ್, ವಾಷಿಂಗ್ಟನ್‌ಗೆ ಹೋದ. ಎಣ್ಣೆ ಹೋಯಿತು ಅಂತ ಅತ್ತರೆ ಅಮೆರಿಕದವರು ಕರಗುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಕಮ್ಯುನಿಸ್ಟರು ಬರುತ್ತಾರೆ ಅಂತ ಹೆದರಿಸಿದ. ಇದನ್ನು ಅವನೇ ಮುಂದೆ ಒಪ್ಪಿಕೊಂಡಿದ್ದಾನೆ. ಬಂದೂಕು ಹಿಡಿದು ನುಗ್ಗುವುದು ಬೇಡ ಅಂದಿದ್ದ ಟ್ರೂಮನ್ 1953ರ ಜನವರಿಯಲ್ಲಿ ಇಳಿದ, ಐಸೆನ್‌ಹೋವರ್ ಏರಿದ. ವಿದೇಶಾಂಗಕ್ಕೆ ಜಾನ್ ಫಾಸ್ಟರ್ ಡಲ್ಲೆಸ್, ಸಿಐಎಗೆ ಅವನ ತಮ್ಮ ಆಲೆನ್ ಡಲ್ಲೆಸ್. ಲಂಡನ್ನಿನಲ್ಲಿ ಅಷ್ಟು ಹೊತ್ತಿಗೆ ಪ್ರಧಾನಿ ಯಾರು? ಮತ್ತೆ ಅದೇ ಚರ್ಚಿಲ್.

ಏಪ್ರಿಲ್‌ನಲ್ಲಿ ಟೆಹ್ರಾನಿನ ಸಿಐಎ ಶಾಖೆಗೆ 10 ಲಕ್ಷ ಡಾಲರ್ ಮಂಜೂರಾಯಿತು. ಪತ್ರಿಕೆಗಳಿಗೆ, ಸಂಸತ್ ಸದಸ್ಯರಿಗೆ, ಬೀದಿಯ ಜನರಿಗೆ. ಜುಲೈನಲ್ಲಿ ಕೆರ್ಮಿಟ್ ರೂಸ್‌ವೆಲ್ಟ್ ಬಂದ. ಹಳೆಯ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್‌ನ ಮೊಮ್ಮಗ. ಗಡಿಯ ಸಿಪಾಯಿ ಇವನ ಪಾಸ್‌ಪೋರ್ಟಿನಲ್ಲಿ ಗುರುತಿನ ಚಿಹ್ನೆ ಅಂತ ಇದ್ದ ಜಾಗವನ್ನೇ ಹೆಸರು ಅಂದುಕೊಂಡು, ಶ್ರೀಮಾನ್ ಹಣೆಯ ಬಲಗಡೆ ಗಾಯ ಅಂತ ದಾಖಲೆಯಲ್ಲಿ ಬರೆದುಕೊಂಡನಂತೆ. ಇದು ರೂಸ್‌ವೆಲ್ಟ್ ತಾನೇ ಹೇಳಿದ ಕತೆ, ಸ್ವಲ್ಪ ಒಗ್ಗರಣೆ ಇರಬಹುದು. ನಮ್ಮ ಶಾಲೆಯ ಟಿ.ಸಿ.ಯಲ್ಲಿ ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ ಅಂತ ಬರೆಯುತ್ತಾರಲ್ಲ, ಅದನ್ನೇ ಹೆಸರು ಅಂತ ಕೂಗಿದ ಹಾಗೆ.

ಆಗಸ್ಟ್ 15ರ ನಡುರಾತ್ರಿ ಕರ್ನಲ್ ನಾಸಿರಿ ಶಾ ಸಹಿ ಹಾಕಿದ ವಜಾ ಆದೇಶ ಹಿಡಿದುಕೊಂಡು ಮೊಸದ್ದೆಗ್ ಮನೆಗೆ ಹೋದ. ಸುದ್ದಿ ಮೊದಲೇ ಸೋರಿತ್ತು. ನಾಸಿರಿಯನ್ನೇ ಹಿಡಿದು ಕೂರಿಸಿದರು. ಬೆಳಗಾಗುತ್ತಲೇ ರೇಡಿಯೋದಲ್ಲಿ ಸಂಚು ವಿಫಲ ಅಂತ ಬಂತು. ಶಾ, ಹೆಂಡತಿ ಸೊರಾಯಾಳನ್ನು ಕರೆದುಕೊಂಡು ವಿಮಾನ ಹತ್ತಿ ಬಾಗ್ದಾದ್, ಅಲ್ಲಿಂದ ರೋಮ್! ಸಿಐಎ ಮುಖ್ಯ ಕಚೇರಿ ಕೈಬಿಡಿ ಅಂತ ತಂತಿ ಕಳಿಸಿತು. ಅಲ್ಲಿಗೆ ಕತೆ ಮುಗಿಯಬೇಕಿತ್ತು.

ಮುಗಿಯಲಿಲ್ಲ. ರೂಸ್‌ವೆಲ್ಟ್ ಊರು ಬಿಡಲಿಲ್ಲ. ವಜಾ ಆದೇಶದ ಪ್ರತಿ ಮಾಡಿಸಿ ಪತ್ರಿಕೆಗಳಿಗೆ ಹಂಚಿಸಿದ. ಬೀದಿಯಲ್ಲಿ ಎಡಪಕ್ಷ ತೂದೆಯ ಹೆಸರಿನಲ್ಲಿ ಗಲಾಟೆ ಶುರುವಾಯಿತು, ದೊರೆಗಳ ಪ್ರತಿಮೆಗಳು ಉರುಳಿದವು. ಆ ಗುಂಪಿನಲ್ಲಿ ನಿಜವಾದ ತೂದೆಯವರೂ ಇದ್ದರು, ದುಡ್ಡು ಕೊಟ್ಟು ತಂದ ನಕಲಿಗಳೂ ಇದ್ದರು. ಪೇಟೆಯ ಜನ, ಮುಲ್ಲಾಗಳು ಬೆಚ್ಚಿದರು. 18ರ ಸಂಜೆ ಅಮೆರಿಕದ ರಾಯಭಾರಿ ಲಾಯ್ ಹೆಂಡರ್ಸನ್ ಮೊಸದ್ದೆಗ್ ಹತ್ತಿರ ಹೋಗಿ, ನಮ್ಮವರಿಗೆ ಬೀದಿಯಲ್ಲಿ ಓಡಾಡುವ ಹಾಗಿಲ್ಲ ಅಂತ ದೂರಿದ. ಮುದುಕನಿಗೆ ಮುಜುಗರವಾಗಿ ಗುಂಪು ಚದುರಿಸಿ ಅಂತ ಪೊಲೀಸರಿಗೆ ಆದೇಶ ಕೊಟ್ಟ. ತನ್ನ ಪರವಾಗಿ ಬೀದಿಗೆ ಬರಬಹುದಾಗಿದ್ದವರನ್ನು ತಾನೇ ಮನೆಗೆ ಕಳಿಸಿದ. ಈ ಒಂದು ಸಂಜೆಯ ಬಗ್ಗೆ ಓದುವಾಗಲೆಲ್ಲ ನನಗೆ ಕೂಗಬೇಕು ಅನ್ನಿಸುತ್ತದೆ.

19ರ ಬೆಳಿಗ್ಗೆ ಟೆಹ್ರಾನಿನ ದಕ್ಷಿಣದ ಪೇಟೆಯಿಂದ ಮೆರವಣಿಗೆ ಹೊರಟಿತು. ಮುಂದೆ ಜೂರ್‌ಖಾನೆಯ ಪೈಲ್ವಾನರು. ಜೂರ್‌ಖಾನೆ ಅಂದರೆ ನಮ್ಮ ಗರಡಿ ಮನೆಯೇ: ಅದೇ ಕುಳಿ, ಅದೇ ಗದೆ ತಿರುಗಿಸುವುದು. ನಿಮ್ಮ ವಿಜಯಪುರದವರಿಗೆ ಹೇಳಿಕೊಡಬೇಕಾ! ಹಿಂದೆ ಹಿಂದೆ ಸೈನಿಕರ ಲಾರಿಗಳು ಸೇರಿಕೊಂಡವು. ಮಧ್ಯಾಹ್ನಕ್ಕೆ ರೇಡಿಯೋ ಕೇಂದ್ರ ಕೈಗೆ ಬಂತು. ಸಂಜೆ ಹೊತ್ತಿಗೆ ಮೊಸದ್ದೆಗ್ ಮನೆ ಮುಂದೆ ಟ್ಯಾಂಕುಗಳು. 71 ವರ್ಷದ ಮುದುಕ ಹಿತ್ತಿಲ ಗೋಡೆ ಹತ್ತಿ ಪಕ್ಕದ ಮನೆಗೆ ದಾಟಿದ. ಮಾರನೆಯ ದಿನ ಶರಣಾದ. ಆ ಮಂಚ, ಮನೆಯ ಸಾಮಾನು ಎಲ್ಲ ಲೂಟಿಯಾಯಿತು.

ಹೊಸ ಪ್ರಧಾನಿ ಜನರಲ್ ಜಾಹೇದಿ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಕಡೆ ವಾಲಿದ್ದಾನೆ ಅಂತ ಇದೇ ಬ್ರಿಟಿಷರು ಹಿಡಿದುಹಾಕಿದ್ದ ಮನುಷ್ಯ! ಈಗ ಅವರಿಗೇ ಬೇಕಾದವನಾದ. ಎರಡೇ ದಿನದಲ್ಲಿ ಅವನ ಕೈಗೆ ಸಿಐಎಯ 50 ಲಕ್ಷ ಡಾಲರ್ ಸೇರಿತು. ಅಂದರೆ ಬೀಳಿಸಲು ಇಟ್ಟದ್ದಕ್ಕಿಂತ ನಿಲ್ಲಿಸಲು ಆದ ಖರ್ಚು ಐದು ಪಟ್ಟು. 1954ರಲ್ಲಿ ಎಣ್ಣೆ ಹಂಚಿಕೆಯಾಯಿತು: ಹಳೆಯ ಬ್ರಿಟಿಷ್ ಕಂಪನಿಗೆ ನೂರಕ್ಕೆ 40, ಅಮೆರಿಕದ ಕಂಪನಿಗಳಿಗೆ 40, ಶೆಲ್‌ಗೆ 14, ಫ್ರೆಂಚರಿಗೆ 6. ಕಮ್ಯುನಿಸಂ ತಡೆಯಲು ಹೋದವರು ಬರುವಾಗ ಇಷ್ಟು ಕಟ್ಟಿಕೊಂಡು ಬಂದರು. ಆ ಬ್ರಿಟಿಷ್ ಕಂಪನಿ ಅದೇ ವರ್ಷ ಹೆಸರು ಬದಲಿಸಿ ಬ್ರಿಟಿಷ್ ಪೆಟ್ರೋಲಿಯಂ ಆಯಿತು.

ನಿಮ್ಮಂಥವರಿಗೆ ಎಲ್ಲದಕ್ಕೂ ಪಶ್ಚಿಮದ ದೇಶಗಳೇ ಕಾರಣ. ಮೊಸದ್ದೆಗ್ ಸಂಸತ್ತನ್ನೇ ಮುಚ್ಚಿಸಿದ. ಅದನ್ನೇಕೆ ಬರೆಯುವುದಿಲ್ಲ?
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಬರೆಯುತ್ತೇನೆ. ಸಿಟ್ಟಿನ ಪತ್ರವಾದರೂ ವಿಷಯ ತಿಳಿದುಕೊಂಡೇ ಬರೆದಿದ್ದೀರಿ.

1953ರ ಆಗಸ್ಟ್ ಮೊದಲಲ್ಲಿ ಸಂಸತ್ತನ್ನು ವಿಸರ್ಜಿಸಬೇಕೇ ಅಂತ ಜನಮತ ಕೇಳಿಸಿದ. ಬೇಕು ಅನ್ನುವವರಿಗೆ ಒಂದು ಡೇರೆ, ಬೇಡ ಅನ್ನುವವರಿಗೆ ಬೇರೆ ಡೇರೆ! ಯಾರು ಎಲ್ಲಿಗೆ ಹೋದರು ಅಂತ ಇಡೀ ಊರಿಗೆ ಕಾಣುತ್ತದೆ. ನೂರಕ್ಕೆ 99ಕ್ಕಿಂತ ಜಾಸ್ತಿ ಬೇಕು ಅಂತ ಬಂತು. ಕಾನೂನು ಓದಿದ ಮನುಷ್ಯ ಮಾಡುವ ಕೆಲಸವಲ್ಲ ಅದು. ಸದಸ್ಯರನ್ನು ಸಿಐಎ ಕೊಳ್ಳುತ್ತಿತ್ತು ಅನ್ನುವುದು ನಿಜ, ಆದರೂ ಇದನ್ನು ನಾನು ಸಮರ್ಥಿಸುವುದಿಲ್ಲ. ಜೊತೆಗಿದ್ದವರನ್ನೂ ಕಳೆದುಕೊಂಡ. ಎಣ್ಣೆ ಚಳವಳಿಗೆ ಜನ ಸೇರಿಸಿಕೊಟ್ಟಿದ್ದ ಧರ್ಮಗುರು ಕಾಶಾನಿ ಕೊನೆಯ ಹೊತ್ತಿಗೆ ಎದುರು ಪಾಳಯದಲ್ಲಿದ್ದ. ಎಣ್ಣೆ ಮಾರಾಟವಿಲ್ಲದೆ ಖಜಾನೆ ಬರಿದಾಗಿ, ಬೆಲೆ ಏರಿ ಜನ ಬೇಸತ್ತಿದ್ದರು. ಬಂದ ಸಂಧಾನಗಳಲ್ಲಿ ಒಂದನ್ನಾದರೂ ಒಪ್ಪಿಕೊಳ್ಳಬಹುದಿತ್ತು ಅನ್ನುವವರೂ ಇದ್ದಾರೆ.

ಆದರೆ ಒಂದು ಕೇಳುತ್ತೇನೆ. ಮನೆ ಯಜಮಾನ ಚಿಲಕ ಸರಿಯಾಗಿ ಹಾಕಿರಲಿಲ್ಲ ಅಂತ ಕಳ್ಳನ ಹೆಸರು ಎಫ್‌ಐಆರ್‌ನಿಂದ ತೆಗೆಯುತ್ತಾರಾ? 2013ರಲ್ಲಿ ಹೊರಬಂದ ದಾಖಲೆಗಳಲ್ಲಿ, ಇದು ನಮ್ಮ ಕಾರ್ಯಾಚರಣೆ, ಅಮೆರಿಕದ ವಿದೇಶಾಂಗ ನೀತಿಯ ಭಾಗವಾಗಿಯೇ ನಡೆಯಿತು ಅಂತ ಸಿಐಎಯೇ ಬರೆದುಕೊಂಡಿರುವುದು ಇದೆ. ನಾನು ಹೊಸದಾಗಿ ಆರೋಪ ಹೊರಿಸುತ್ತಿಲ್ಲ.

ಇರಾನಿ ಚಾಯ್‌ಗೂ ಈ ಕ್ರಾಂತಿಗೂ ಸಂಬಂಧ ಇದೆಯಾ?
— ಹೈದರಾಬಾದ್ ಕನ್ನಡಿಗ

ಇಲ್ಲ. ಆ ಹೋಟೆಲುಗಳು ಇದಕ್ಕಿಂತ ಹಳೆಯವು. ಮುಂಬೈ, ಪುಣೆಯಲ್ಲಿ ಹೆಚ್ಚಾಗಿ ಇರಾನಿನ ಯಜ್ದ್ ಕಡೆಯಿಂದ ಬಡತನ, ಕಿರುಕುಳ ತಾಳದೆ ಬಂದ ಜರತುಷ್ಟ್ರ ಧರ್ಮದವರು, ನಿಮ್ಮ ಹೈದರಾಬಾದಿನಲ್ಲಿ ಹೆಚ್ಚಾಗಿ ಇರಾನಿನ ಮುಸ್ಲಿಮರು ಶುರು ಮಾಡಿದ್ದು. ಹಾಲು ಹಾಕಿದ ಆ ಚಹಾ ಇರಾನಿನಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅಲ್ಲಿ ಕುಡಿಯುವುದು ಹಾಲಿಲ್ಲದ ಚಹಾ.

ಮಂಗಳೂರಿನ ಎಂಆರ್‌ಪಿಎಲ್‌ಗೆ ಮೊದಲು ಇರಾನಿನ ಕಚ್ಚಾ ತೈಲ ಬರುತ್ತಿತ್ತು. ಯಾಕೆ ನಿಂತಿತು?
— ಸುರತ್ಕಲ್ ಓದುಗರು

ಅಮೆರಿಕದ ನಿರ್ಬಂಧ. ಒಂದು ಕಾಲಕ್ಕೆ ಇರಾನಿನಿಂದ ಜಾಸ್ತಿ ತೈಲ ಕೊಳ್ಳುತ್ತಿದ್ದ ಭಾರತೀಯ ಕಂಪನಿಗಳಲ್ಲಿ ನಿಮ್ಮೂರಿನದು ಮುಂದಿತ್ತು. 2012ರ ಸುಮಾರಿಗೆ ಡಾಲರಿನಲ್ಲಿ ಕೊಡುವ ದಾರಿ ಮುಚ್ಚಿದಾಗ, ಒಂದು ಭಾಗವನ್ನು ರೂಪಾಯಿಯಲ್ಲಿ ಯೂಕೋ ಬ್ಯಾಂಕಿನ ಮೂಲಕ ಕೊಡುವ ಏರ್ಪಾಡಾಯಿತು. ಆ ರೂಪಾಯಿಯಿಂದ ಇರಾನ್ ನಮ್ಮ ಬಾಸ್ಮತಿ ಅಕ್ಕಿ ಕೊಳ್ಳುತ್ತಿತ್ತು. 2019ರ ಮೇ ತಿಂಗಳಲ್ಲಿ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿದ ಮೇಲೆ ಭಾರತ ಖರೀದಿ ನಿಲ್ಲಿಸಿತು. ರೋಸ್ ಮೇರಿ ಹಡಗನ್ನು ಹಿಡಿದು ನಿಲ್ಲಿಸಬೇಕಾಗಿತ್ತು. ಈಗ ಬ್ಯಾಂಕಿನ ದಾರಿ ಮುಚ್ಚಿದರೆ ಸಾಕು.

ಟೆಹ್ರಾನಿನ ಅಮೆರಿಕದ ರಾಯಭಾರ ಕಚೇರಿಯಲ್ಲಿ ಚೂರು ಮಾಡಿದ್ದ ಕಾಗದಗಳನ್ನು ಇರಾನಿನವರು ಮತ್ತೆ ಜೋಡಿಸಿದರಂತೆ. ಇದು ಸಾಧ್ಯವಾ?
— ಎಂಜಿನಿಯರಿಂಗ್ ವಿದ್ಯಾರ್ಥಿ, ಮೈಸೂರು

ಸಾಧ್ಯವಾಯಿತು. 1979ರ ಅಕ್ಟೋಬರ್‌ನಲ್ಲಿ, ಕ್ಯಾನ್ಸರ್ ಆಗಿದ್ದ ಶಾನನ್ನು ಚಿಕಿತ್ಸೆಗೆ ಅಂತ ನ್ಯೂಯಾರ್ಕಿಗೆ ಬಿಟ್ಟುಕೊಂಡರು. ಟೆಹ್ರಾನಿನ ಹುಡುಗರಿಗೆ ಅದು ಚಿಕಿತ್ಸೆಯಾಗಿ ಕಾಣಲಿಲ್ಲ. 1953ರಲ್ಲೂ ಹೀಗೇ ಓಡಿಹೋದ, ಆರು ದಿನಕ್ಕೆ ವಾಪಸ್ ಬಂದ, ಸಂಚು ನಡೆದದ್ದು ಇದೇ ರಾಯಭಾರ ಕಚೇರಿಯೊಳಗಿಂದ. ನವೆಂಬರ್ 4ರಂದು ಗೇಟು ಹಾರಿದರು. 52 ಅಮೆರಿಕನ್ನರನ್ನು 444 ದಿನ ಹಿಡಿದಿಟ್ಟರು. ರಾಯಭಾರಿಗಳನ್ನು ಹಾಗೆ ಹಿಡಿದಿಡುವುದು ತಪ್ಪೇ, ಅದರಲ್ಲಿ ನನಗೆ ಎರಡು ಮಾತಿಲ್ಲ. ಆ ತಪ್ಪಿನ ಬೆಲೆಯನ್ನು ಇರಾನಿನ ಜನ ಇವತ್ತಿಗೂ ಕಟ್ಟುತ್ತಿದ್ದಾರೆ.

ಒಳಗಿದ್ದವರು ಅವಸರದಲ್ಲಿ ಯಂತ್ರಕ್ಕೆ ಕೊಟ್ಟ ಕಾಗದಗಳು ಉದ್ದುದ್ದ ಎಳೆಗಳಾಗಿ ಬಿದ್ದಿದ್ದವು. ಅವನ್ನು ಜೋಡಿಸಲು ಕಂಬಳಿ ನೇಯುವವರನ್ನು ಕರೆಸಿದರು. ರತ್ನಗಂಬಳಿಯ ಮಗ್ಗದ ಮುಂದೆ ಕೂತು ಒಂದೊಂದೇ ಎಳೆಯ ಬಣ್ಣ ನೋಡಿ ಗಂಟು ಹಾಕುವ ಕಣ್ಣುಗಳಿಗೆ ಕಾಗದದ ಎಳೆ ಯಾವ ಲೆಕ್ಕ? ಜೋಡಿಸಿದ್ದನ್ನು ಹತ್ತಾರು ಸಂಪುಟಗಳಾಗಿ ಅಚ್ಚು ಹಾಕಿದರು. ಎಂಜಿನಿಯರಿಂಗ್ ಓದುವವರು ಈ ಒಂದು ವಿಷಯಕ್ಕೆ ಮಗ್ಗದವರಿಗೆ ಕೈ ಮುಗಿಯಬೇಕು.

ನಿಮ್ಮ ಇರಾನಿ ಗೆಳತಿಯ ಬಗ್ಗೆ ಹಿಂದೆ ಒಮ್ಮೆ ಬರೆದಿದ್ದಿರಿ. ಆಮೇಲೆ ಏನಾದರು?
— ಗೃಹಿಣಿ, ಸಾಗರ

1979ರ ಫೆಬ್ರವರಿಯಲ್ಲಿ ಶಾನ ಸರ್ಕಾರ ಬಿದ್ದ ವಾರ ಹಾಸ್ಟೆಲ್ಲಿನ ಎಲ್ಲರಿಗೂ ಮೈಸೂರುಪಾಕ್ ಹಂಚಿದಳು. ಏಪ್ರಿಲ್‌ನಲ್ಲಿ ಊರಿಗೆ ಹೊರಟಳು. ಎರಡು ಪತ್ರ ಬಂದವು. ಮೊದಲನೆಯದರಲ್ಲಿ, ಟೆಹ್ರಾನಿನ ಉದ್ದದ ರಸ್ತೆಗೆ ಶಾ ಮನೆತನದ ಹೆಸರು ತೆಗೆದು ಮೊಸದ್ದೆಗ್ ಹೆಸರು ಇಟ್ಟರು ಅಂತ ಬರೆದಿದ್ದಳು, ಅಕ್ಷರ ಕುಣಿಯುತ್ತಿತ್ತು. ಎರಡನೆಯದು ಅರ್ಧ ಪುಟ. ಅದರಲ್ಲಿ ಮೊಸದ್ದೆಗ್ ವಿಷಯ ಇರಲಿಲ್ಲ. ಆಮೇಲೆ ಆ ರಸ್ತೆಯ ಹೆಸರೂ ಮತ್ತೆ ಬದಲಾಯಿತು, ಈಗ ವಲೀ ಅಸ್ರ್ ರಸ್ತೆ. ಹೊಸ ಆಡಳಿತದ ಮುಲ್ಲಾಗಳಿಗೆ ಮೊಸದ್ದೆಗ್ ಅಷ್ಟೇನೂ ಬೇಕಾದವನಾಗಿರಲಿಲ್ಲ. ಗೆಳತಿಯಿಂದ ಮೂರನೆಯ ಪತ್ರ ಬರಲಿಲ್ಲ. ಕಲ್ಲುಸಕ್ಕರೆ ಅಭ್ಯಾಸ ನನಗೆ ಉಳಿದಿದೆ, ಡಾಕ್ಟರು ಬೇಡ ಅಂದರೂ.

ಮಿಸ್, ಮೊಸದ್ದೆಗ್ ಮತ್ತೆ ಶಾ ಆಮೇಲೆ ಎಲ್ಲಿ ತೀರಿಕೊಂಡರು?
— 9ನೇ ತರಗತಿ, ತೀರ್ಥಹಳ್ಳಿ

ಪುಟ್ಟಾ, ಮೊಸದ್ದೆಗ್‌ಗೆ ಮಿಲಿಟರಿ ಕೋರ್ಟು ಮೂರು ವರ್ಷ ಜೈಲು ಕೊಟ್ಟಿತು. ಅದು ಮುಗಿದ ಮೇಲೆ ಅಹ್ಮದಾಬಾದ್ ಅನ್ನುವ ಹಳ್ಳಿಯ ಸ್ವಂತ ಮನೆಯಲ್ಲೇ ಕಾವಲಿಟ್ಟರು. ಗುಜರಾತಿನದಲ್ಲ, ಟೆಹ್ರಾನ್ ಹತ್ತಿರದ್ದು. 1967ರ ಮಾರ್ಚ್ 5ರಂದು ತೀರಿಕೊಂಡ. 1952ರಲ್ಲಿ ತನ್ನ ಪರವಾಗಿ ಬೀದಿಗೆ ಬಂದು ಗುಂಡೇಟಿಗೆ ಸತ್ತವರ ಪಕ್ಕದಲ್ಲಿ ಮಣ್ಣು ಮಾಡಿ ಅಂತ ಕೇಳಿಕೊಂಡಿದ್ದ. ಬಿಡಲಿಲ್ಲ. ಮನೆಯ ಊಟದ ಕೋಣೆಯ ನೆಲ ಅಗೆದು ಅಲ್ಲೇ ಮಣ್ಣು ಮಾಡಿದರು.

ಶಾ ತೀರಿಕೊಂಡದ್ದು 1980ರ ಜುಲೈ 27ರಂದು, ಈಜಿಪ್ಟಿನ ಕೈರೋದಲ್ಲಿ. ಅಲ್ಲಿನ ಅಲ್ ರಿಫಾಯಿ ಮಸೀದಿಯಲ್ಲಿ ಸಮಾಧಿ ಇದೆ. ಅವನ ಅಪ್ಪ ರೆಜಾ ಶಾನ ಕತೆಯೂ ಹೀಗೇ. 1941ರಲ್ಲಿ ಬ್ರಿಟಿಷರು, ರಷ್ಯನ್ನರು ಸೇರಿ ಅವನನ್ನು ಇಳಿಸಿ ಹಡಗು ಹತ್ತಿಸಿದರು. ಹಡಗು ಮುಂಬೈಗೆ ಬಂದು ನಿಂತಿತು. ಇಲ್ಲೇ ಇಳಿಯುತ್ತೇನೆ ಅಂದ. ಬ್ರಿಟಿಷ್ ಅಧಿಕಾರಿಗಳು ನೆಲಕ್ಕೆ ಕಾಲಿಡಲು ಬಿಡಲಿಲ್ಲ, ಮಾರಿಷಸ್‌ಗೆ ಕಳಿಸಿದರು. ಅಲ್ಲಿಂದ ದಕ್ಷಿಣ ಆಫ್ರಿಕಾ. 1944ರಲ್ಲಿ ಅಲ್ಲೇ ಸತ್ತ. ಅವನ ಹೆಣವನ್ನೂ ಕೈರೋದ ಅದೇ ಮಸೀದಿಯಲ್ಲಿ ಕೆಲವು ವರ್ಷ ಇಟ್ಟಿದ್ದರು.